ಮೂರ್ಛೆಯ ಎಣಿಕೆ, ಎಣಿಕೆಯ ಮಾತು: ಗ್ರಾಮೀಣ ಸಮುದಾಯಗಳಲ್ಲಿ ಮೂರ್ಛೆರೋಗದ ವ್ಯಾಪಕತೆ ಮತ್ತು ಗಡಿಯ ಕನ್ನಡ

ಗ್ರಾಮೀಣ ಭಾರತದಲ್ಲಿ ಸಾವಿರ ಜನರ ಪೈಕಿ ಎಷ್ಟು ಮಂದಿಗೆ ಮೂರ್ಛೆರೋಗವಿದೆ ಎಂಬ ಪ್ರಶ್ನೆಗೆ ಒಂದೇ ಉತ್ತರ ದೊರೆಯುವುದಿಲ್ಲ. ಕಾಶ್ಮೀರದ ಕುಠಾರ್ ಕಣಿವೆಯಲ್ಲಿ 63,645 ಜನರ ನಡುವೆ ನಡೆದು 1988ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಆ ಸಂಖ್ಯೆ 2.47. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅದು 11.9. ಎರಡೂ ಗ್ರಾಮೀಣ ಪ್ರದೇಶಗಳೇ, ಎರಡೂ ಮನೆಮನೆಗೆ ಹೋಗಿ ಮಾಡಿದ ಎಣಿಕೆಗಳೇ. ಆದರೂ ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ ಐದು ಪಟ್ಟಿನದು. ಈ ಅಂತರವನ್ನು ನೆಲ, ನೀರು, ಬಡತನಗಳ ವ್ಯತ್ಯಾಸವೆಂದು ಮಾತ್ರ ಓದಿದರೆ ಒಂದು ಮುಖ್ಯ ಸಂಗತಿ ಕಣ್ತಪ್ಪುತ್ತದೆ. ಮೂರ್ಛೆರೋಗವನ್ನು ಪತ್ತೆಹಚ್ಚುವ ಮೊದಲ ಸಾಧನ ಯಂತ್ರವಲ್ಲ, ರಕ್ತಪರೀಕ್ಷೆಯೂ ಅಲ್ಲ. ಮನೆಯ ಬಾಗಿಲಲ್ಲಿ ನಿಂತು ಕೇಳುವ ಒಂದು ಪ್ರಶ್ನೆ. ಆ ಪ್ರಶ್ನೆ ಯಾವ ಭಾಷೆಯಲ್ಲಿ, ಯಾವ ಪದದಲ್ಲಿ, ಯಾರ ಮುಂದೆ ಕೇಳಲ್ಪಟ್ಟಿತು ಎಂಬುದೂ ಅಂಕಿಯೊಳಗೆ ಸೇರಿಕೊಂಡಿರುತ್ತದೆ. ಮನೆಯಲ್ಲಿ ಒಂದು ಭಾಷೆ, ಸರ್ಕಾರಿ ಕಾಗದದಲ್ಲಿ ಇನ್ನೊಂದು ಭಾಷೆ ಇರುವ ಗಡಿನಾಡಿನ ಕನ್ನಡ ಸಮುದಾಯಗಳಿಗೆ ಈ ಸಂಗತಿ ವಿಶೇಷವಾಗಿ ಅನ್ವಯಿಸುತ್ತದೆ.

1. ಎಣಿಸುವುದು ಏನನ್ನು?

ಒಮ್ಮೆ ಸೆಳೆತ ಬಂದವರೆಲ್ಲ ಮೂರ್ಛೆರೋಗಿಗಳಲ್ಲ. ವಿಪರೀತ ಜ್ವರ, ರಕ್ತದಲ್ಲಿ ಸಕ್ಕರೆ ಕುಸಿಯುವುದು, ಕುಡಿತವನ್ನು ಹಠಾತ್ತಾಗಿ ನಿಲ್ಲಿಸುವುದು ಮೊದಲಾದ ತಕ್ಷಣದ ಕಾರಣಗಳಿಂದ ಬರುವ ಸೆಳೆತ ಬೇರೆ; ಅಂಥ ಪ್ರಚೋದನೆಯಿಲ್ಲದೆ ಮರುಕಳಿಸುವ ಸೆಳೆತ ಬೇರೆ. ಎರಡನೆಯದೇ ಮೂರ್ಛೆರೋಗ. 24 ಗಂಟೆಗಳಿಗಿಂತ ಹೆಚ್ಚಿನ ಅಂತರದಲ್ಲಿ ಪ್ರಚೋದನೆಯಿಲ್ಲದ ಎರಡು ಸೆಳೆತಗಳಾದರೂ ಆಗಿರಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ವ್ಯಾಖ್ಯೆ. ಒಂದೇ ಸೆಳೆತವಾಗಿದ್ದರೂ ಅದು ಮರುಕಳಿಸುವ ಸಂಭವ ಬಹಳ ಹೆಚ್ಚಿದ್ದರೆ ರೋಗವೆಂದೇ ಪರಿಗಣಿಸಬಹುದೆಂದು ಅಂತಾರಾಷ್ಟ್ರೀಯ ಮೂರ್ಛೆರೋಗ ವಿರೋಧಿ ಸಂಘವು 2014ರಲ್ಲಿ ಈ ವ್ಯಾಖ್ಯೆಯನ್ನು ವಿಸ್ತರಿಸಿತು.

ಎಣಿಕೆಯಲ್ಲಿ ಇನ್ನೂ ಎರಡು ಭೇದಗಳಿವೆ. ಬದುಕಿನಲ್ಲಿ ಎಂದಾದರೂ ಈ ರೋಗವಿದ್ದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂದು ಕ್ರಮ. ಕಳೆದ ಐದು ವರ್ಷಗಳಲ್ಲಿ ಸೆಳೆತ ಬಂದವರನ್ನು ಅಥವಾ ಔಷಧ ಸೇವಿಸುತ್ತಿರುವವರನ್ನು ಮಾತ್ರ ತೆಗೆದುಕೊಳ್ಳುವುದು ಇನ್ನೊಂದು ಕ್ರಮ. ಹಾಗೆಯೇ ಒಂದು ಹೊತ್ತಿನಲ್ಲಿ ಸಮುದಾಯದಲ್ಲಿ ಇರುವ ಒಟ್ಟು ರೋಗಿಗಳ ಪ್ರಮಾಣವೇ ವ್ಯಾಪಕತೆ. ಒಂದು ವರ್ಷದಲ್ಲಿ ಹೊಸದಾಗಿ ರೋಗಕ್ಕೆ ಒಳಗಾದವರ ಪ್ರಮಾಣವೇ ಹೊಸ ಪ್ರಕರಣಗಳ ದರ. ವ್ಯಾಪಕತೆಯನ್ನು ಕೆರೆಯ ನೀರಿಗೆ ಹೋಲಿಸಿದರೆ ಹೊಸ ಪ್ರಕರಣಗಳು ಒಳಹರಿವು. ಗುಣವಾಗುವುದು, ಸಾವು ಇವು ಹೊರಹರಿವು. ಕೆರೆಯಲ್ಲಿ ನೀರು ಕಡಿಮೆಯಿದೆ ಎಂದಮಾತ್ರಕ್ಕೆ ಮಳೆ ಕಡಿಮೆಯೆಂದು ಹೇಳಲಾಗದು, ಏರಿ ಒಡೆದಿರಲೂಬಹುದು. ಮೂರ್ಛೆರೋಗಿಗಳಿಗೆ ಅಕಾಲ ಮರಣದ ಸಂಭವ ಇತರರಿಗಿಂತ ಮೂರು ಪಟ್ಟಿನಷ್ಟಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳ್ಳಿಯಲ್ಲಿ ಒಲೆ, ಬಾವಿ, ಕೆರೆ, ನಾಲೆಗಳೇ ಈ ಅಪಾಯದ ಸ್ಥಳಗಳು. ಆದ್ದರಿಂದ ಕಡಿಮೆ ವ್ಯಾಪಕತೆ ಯಾವಾಗಲೂ ಶುಭವಾರ್ತೆಯಲ್ಲ.

2. ಸಮೀಕ್ಷೆಗಳು ಹೇಳುವುದು

ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿ ಮೂರ್ಛೆರೋಗದೊಡನೆ ಬದುಕುತ್ತಿದ್ದಾರೆ, ಅವರಲ್ಲಿ ಶೇ. 80ರಷ್ಟು ಜನ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಸಕ್ರಿಯ ಮೂರ್ಛೆರೋಗದ ಮಧ್ಯಕ ಪ್ರಮಾಣವನ್ನು ಅಭಿವೃದ್ಧಿ ಹೊಂದಿದ ದೇಶಗಳಲ್ಲಿ ಸಾವಿರಕ್ಕೆ 4.9, ಅಭಿವೃದ್ಧಿಶೀಲ ದೇಶಗಳ ನಗರಗಳಲ್ಲಿ 5.9, ಅವೇ ದೇಶಗಳ ಗ್ರಾಮಗಳಲ್ಲಿ 12.7 ಎಂದು ಗುರುತಿಸಿತು. ಜಾಗತಿಕ ಚಿತ್ರದಲ್ಲಿ ಹಳ್ಳಿಯ ಹೊರೆ ಹೆಚ್ಚೆಂಬುದು ಇಷ್ಟರಿಂದ ಸ್ಪಷ್ಟವೆನಿಸುತ್ತದೆ.

ಭಾರತದ ಚಿತ್ರ ಅಷ್ಟು ಸರಳವಲ್ಲ. ಶ್ರೀಧರನ್ ಮತ್ತು ಮೂರ್ತಿ ಅವರು 20 ಭಾರತೀಯ ಅಧ್ಯಯನಗಳನ್ನು, ಅಂದರೆ 5,98,910 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ದೇಶದ ಒಟ್ಟು ಪ್ರಮಾಣ ಸಾವಿರಕ್ಕೆ 5.33. ಇಲ್ಲಿ ನಗರದ ಪ್ರಮಾಣವೇ ಹೆಚ್ಚು: ನಗರಗಳಲ್ಲಿ 6.34, ಗ್ರಾಮಗಳಲ್ಲಿ 4.94. ಆದರೆ ಈ ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಲ್ಲವೆಂದು ಅವರೇ ತಿಳಿಸಿದರು. ಐದು ವರ್ಷಗಳ ತರುವಾಯ ಗೌರಿದೇವಿ ಮತ್ತು ಸಂಗಡಿಗರು ಪ್ರಕಟಿಸಿದ ಬೆಂಗಳೂರಿನ ಸಮೀಕ್ಷೆ ಇದಕ್ಕೆ ವಿರುದ್ಧವಾದ ಚಿತ್ರವನ್ನು ನೀಡಿತು. 1,02,557 ಜನರನ್ನು ಒಳಗೊಂಡ ಈ ಅಧ್ಯಯನದಲ್ಲಿ ನಗರದ ಪ್ರಮಾಣ 5.7 ಆಗಿದ್ದರೆ ಗ್ರಾಮದ ಪ್ರಮಾಣ ಅದರ ಎರಡು ಪಟ್ಟು.

ಗಡಿನಾಡಿನ ಓದುಗರಿಗೆ ಇನ್ನೆರಡು ಅಧ್ಯಯನಗಳು ಮುಖ್ಯ. ಮಡಕಶಿರ, ಹಿಂದೂಪುರಗಳ ಸೀಮೆಗೆ ಹತ್ತಿರದ ಗೌರಿಬಿದನೂರಿನಲ್ಲಿ 57,660 ಜನರ ನಡುವೆ ನಡೆದು 1987ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸಾವಿರಕ್ಕೆ 4.63 ಪ್ರಕರಣಗಳು ಕಂಡುಬಂದವು. ತಾಳವಾಡಿಯ ಈಚೆಗಿನ ಚಾಮರಾಜನಗರ ಸೀಮೆಯ ಯಳಂದೂರಿನಲ್ಲಿ ಕೆ. ಎಸ್. ಮಣಿ ಮತ್ತು ಸಂಗಡಿಗರು 64,963 ಜನರನ್ನು ಸಮೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಪ್ರಮಾಣ 3.91. ವರ್ಷಕ್ಕೆ ಲಕ್ಷಕ್ಕೆ 49.3 ಹೊಸ ಪ್ರಕರಣಗಳೆಂದು ಯಳಂದೂರಿನ ಅಧ್ಯಯನ ಲೆಕ್ಕ ಹಾಕಿತು. ಒಳಹರಿವಿಗೆ ಹೋಲಿಸಿದರೆ ಇಲ್ಲಿ ಕೆರೆಯ ನೀರು ಕಡಿಮೆ.

ಗೌರಿಬಿದನೂರು, ಯಳಂದೂರು, ಬೆಂಗಳೂರು ಗ್ರಾಮಾಂತರ ಇವು ಮೂರೂ ಹಳೆಯ ಮೈಸೂರಿನ ಪ್ರದೇಶಗಳು. ಆಹಾರ, ಮದುವೆಯ ಪದ್ಧತಿ, ಹೆರಿಗೆಯ ಸೌಲಭ್ಯಗಳಲ್ಲಿ ಮೂರು ಪಟ್ಟಿನ ಅಂತರವನ್ನು ವಿವರಿಸುವಷ್ಟು ಭೇದ ಅವುಗಳ ನಡುವೆ ಇದೆಯೆಂದು ಹೇಳುವುದು ಕಷ್ಟ. ವ್ಯಾಖ್ಯೆ, ಕಾಲ, ತರಬೇತಿ, ಪ್ರಶ್ನೆಯ ರೂಪ ಇವೂ ಸಂಖ್ಯೆಯನ್ನು ಏರಿಸುತ್ತವೆ, ಇಳಿಸುತ್ತವೆ.

3. ಬಾಗಿಲ ಬಳಿಯ ಪ್ರಶ್ನೆ

ಇಂಥ ಸಮೀಕ್ಷೆಗಳು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತವೆ. ಮೊದಲು ತರಬೇತಿ ಪಡೆದ ಕಾರ್ಯಕರ್ತರು ಪ್ರತಿ ಮನೆಗೂ ಹೋಗಿ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಹೌದೆಂದವರನ್ನು ಮಾತ್ರ ಎರಡನೆಯ ಹಂತದಲ್ಲಿ ನರರೋಗ ತಜ್ಞರು ಪರೀಕ್ಷಿಸುತ್ತಾರೆ. ಈ ಕ್ರಮದ ತರ್ಕವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು.

10,000 ಜನರ ಒಂದು ಹೋಬಳಿಯಲ್ಲಿ ನಿಜವಾಗಿ 50 ಮಂದಿಗೆ ಮೂರ್ಛೆರೋಗವಿದೆ ಎಂದಿಟ್ಟುಕೊಳ್ಳೋಣ. ಅಂದರೆ ಸಾವಿರಕ್ಕೆ 5. ಬಾಗಿಲ ಪ್ರಶ್ನೆಯು ನೂರು ರೋಗಿಗಳಲ್ಲಿ 80 ಮಂದಿಯನ್ನು ಹಿಡಿಯಬಲ್ಲದಾದರೆ ಇಲ್ಲಿ 40 ಮಂದಿ ಸಿಗುತ್ತಾರೆ, 10 ಮಂದಿ ತಪ್ಪುತ್ತಾರೆ. ರೋಗವಿಲ್ಲದ 9,950 ಮಂದಿಯಲ್ಲಿ ನೂರಕ್ಕೆ ಇಬ್ಬರು ಬೇರಾವುದೋ ಕಾರಣಕ್ಕೆ ಹೌದೆಂದರೆ 199 ಮಂದಿ ಪಟ್ಟಿಗೆ ಸೇರುತ್ತಾರೆ. ತಜ್ಞರು 239 ಮಂದಿಯನ್ನು ಪರೀಕ್ಷಿಸಿ 199 ಮಂದಿಯನ್ನು ಕೈಬಿಡುತ್ತಾರೆ. ವರದಿಯಲ್ಲಿ ಉಳಿಯುವುದು 40, ಸಾವಿರಕ್ಕೆ 4. ಪ್ರಶ್ನೆಯ ಪದ ಆ ಊರಿಗೆ ಹೊಂದದೆ ನೂರರಲ್ಲಿ 60 ಮಂದಿಯನ್ನಷ್ಟೇ ಹಿಡಿದರೆ ವರದಿಯ ಪ್ರಮಾಣ 3ಕ್ಕೆ ಇಳಿಯುತ್ತದೆ. ರೋಗ ಮಾತ್ರ ಒಂದಿಷ್ಟೂ ಇಳಿದಿರುವುದಿಲ್ಲ.

ಇಲ್ಲಿ ಗಮನಿಸಬೇಕಾದುದು ಎರಡು ಬಗೆಯ ತಪ್ಪುಗಳ ಅಸಮಾನತೆ. ರೋಗವಿಲ್ಲದವರು ಹೌದೆಂದರೆ ಆ ತಪ್ಪನ್ನು ಎರಡನೆಯ ಹಂತ ಸರಿಪಡಿಸುತ್ತದೆ. ರೋಗವಿದ್ದವರು ಇಲ್ಲವೆಂದರೆ ಅವರ ಬಾಗಿಲಿಗೆ ಮತ್ತೆ ಯಾರೂ ಬರುವುದಿಲ್ಲ. ಭಾಷೆಯಿಂದಾಗುವ ತಪ್ಪು ಬಹುಪಾಲು ಈ ಎರಡನೆಯ ಬಗೆಯದು.

4. ಹೆಸರುಗಳ ಹಿಂದಿನ ರೋಗ

ಕನ್ನಡದಲ್ಲಿ ಈ ರೋಗಕ್ಕೆ ಬರವಣಿಗೆಯ ರೂಢಿಯ ಹೆಸರು ಮೂರ್ಛೆರೋಗ ಅಥವಾ ಅಪಸ್ಮಾರ. ಮೂರ್ಛೆ ಎಂಬ ಪದಕ್ಕೆ ಎಚ್ಚರ ತಪ್ಪುವುದು ಎಂಬ ವಿಶಾಲವಾದ ಅರ್ಥವಿದೆ. ದುಃಖದ ಸುದ್ದಿ ಕೇಳಿದವರೂ ಬಿಸಿಲಿಗೆ ಬಳಲಿದವರೂ ಮೂರ್ಛೆ ಹೋಗುತ್ತಾರೆ. ಹೀಗಾಗಿ ‘ಮನೆಯಲ್ಲಿ ಯಾರಿಗಾದರೂ ಮೂರ್ಛೆ ಬರುತ್ತದೆಯೇ?’ ಎಂಬ ಪ್ರಶ್ನೆ ಒಂದೆಡೆ ರೋಗವಿಲ್ಲದ ಹಲವರನ್ನು ಒಳಗೆಳೆದುಕೊಳ್ಳುತ್ತದೆ. ಇನ್ನೊಂದೆಡೆ ಎಚ್ಚರವಿದ್ದೂ ಒಂದು ಕೈ ಮಾತ್ರ ಅದುರುವವರನ್ನು, ಊಟದ ನಡುವೆ ತುತ್ತು ಹಿಡಿದ ಕೈ ಹಾಗೇ ನಿಂತು ಕೆಲವು ಕ್ಷಣ ಶೂನ್ಯದೃಷ್ಟಿಯಾಗುವ ಮಕ್ಕಳನ್ನು ಹೊರಗೇ ಉಳಿಸುತ್ತದೆ. ತೆಲುಗಿನ ‘ಮೂರ್ಛ’ ಎಂಬ ಪದಕ್ಕೂ ಇದೇ ಇಬ್ಬಗೆಯಿದೆ. ಅಪಸ್ಮಾರವೆಂಬುದು ಸ್ಮೃತಿಯ ಅಪಗಮವನ್ನು ಸೂಚಿಸುವ ಹೆಸರು. ಚರಕಸಂಹಿತೆಯ ವಿವರಣೆಯ ಮೂಲವೂ ಅದೇ. ಮಲಯಾಳದಲ್ಲಿ ‘ಅಪಸ್ಮಾರಂ’ ಬಳಕೆಯಲ್ಲಿರುವ ಮಾತು. ಕನ್ನಡದ ಹಳ್ಳಿಯ ಮನೆಗಳಲ್ಲಿ ಅದು ಹೆಚ್ಚಾಗಿ ಪುಸ್ತಕದ ಪದ. ಕಾಸರಗೋಡಿನಲ್ಲಿ ಮಲಯಾಳದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸುವವರು ಅದೇ ಪದವನ್ನು ಉಳಿಸಿಕೊಂಡರೆ ಅನುವಾದ ನಿಘಂಟಿನ ದೃಷ್ಟಿಯಿಂದ ಸರಿಯಾಗಿಯೂ ಬಾಗಿಲ ಬಳಿ ವಿಫಲವಾಗಿಯೂ ಇರಬಹುದು.

ದೇಹ ಮಾಡುವುದನ್ನು ನೋಡಿ ಇಟ್ಟ ಹೆಸರುಗಳು ಇನ್ನೊಂದು ಗುಂಪು. ಕನ್ನಡದ ‘ಸೆಳೆತ’ದಂತೆ ತಮಿಳಿನ ‘ವಲಿಪ್ಪು’ ಕೂಡ ಎಳೆಯುವ ಕ್ರಿಯೆಯಿಂದ ಬಂದದ್ದು. ಮಲಯಾಳದ ಹಳೆಯ ಪದ ‘ಚುಳಲಿ’ ಕನ್ನಡದ ‘ಸುಳಿ’ಯ ಸೋದರಿ, ಸುಂಟರಗಾಳಿಗೂ ರೋಗಕ್ಕೂ ಅಲ್ಲಿ ಒಂದೇ ಹೆಸರು. ಮರಾಠಿಯಲ್ಲಿ ‘ಫೆಫರೆ’, ‘ಆಕಡೀ’, ‘ಮಿರಗೀ’ ಎಂಬ ಹೆಸರುಗಳಿವೆ. ಇವೆಲ್ಲವನ್ನೂ ದಾಟಿ ಎಲ್ಲ ಗಡಿಗಳಲ್ಲೂ ಕಿವಿಗೆ ಬೀಳುವ ಪದ ‘ಫಿಟ್ಸ್’. ಭಾಷೆಯ ಶುದ್ಧಿಯ ದೃಷ್ಟಿಯಿಂದ ಅದನ್ನು ಕೈಬಿಡುವ ಪ್ರಶ್ನಾವಳಿಯು ಜನ ನಿಜವಾಗಿ ಬಳಸುವ ಪದವನ್ನೇ ಕೈಬಿಟ್ಟಂತಾಗುತ್ತದೆ.

ಮೂರನೆಯ ಗುಂಪಿನ ಹೆಸರುಗಳು ರೋಗವನ್ನು ವೈದ್ಯರ ವ್ಯಾಪ್ತಿಯಿಂದಲೇ ಹೊರಗೆ ಒಯ್ಯುತ್ತವೆ. ಕೂಸುಗಳ ಸೆಳೆತ ‘ಬಾಲಗ್ರಹ’ವಾಗುತ್ತದೆ, ದೊಡ್ಡವರದು ‘ಗಾಳಿ ಸೋಕಿದ್ದು’ ಆಗುತ್ತದೆ. ತಮಿಳಿನಲ್ಲಿ ನಟರಾಜನ ಪಾದದಡಿಯ ಕುಳ್ಳನ ಹೆಸರಾದ ‘ಮುಯಲಗನ್’ ಎಂಬುದೇ ಈ ರೋಗಕ್ಕೂ ಹೆಸರು. ಸಂಸ್ಕೃತದ ಶಿಲ್ಪಪರಿಭಾಷೆಯಲ್ಲಿ ಅದೇ ಕುಳ್ಳ ಅಪಸ್ಮಾರಪುರುಷ. ಮಗುವಿಗೆ ಗ್ರಹ ಹಿಡಿದಿದೆಯೆಂದು ನಂಬಿದ ತಾಯಿ ‘ಮಗುವಿಗೆ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆಗೆ ಇಲ್ಲವೆಂದಾಗ ಆಕೆ ಸುಳ್ಳು ಹೇಳುತ್ತಿಲ್ಲ. ಅವಳ ವರ್ಗೀಕರಣದಲ್ಲಿ ಅದು ಕಾಯಿಲೆಯೇ ಅಲ್ಲ.

ಈ ಕಾರಣದಿಂದಲೇ ಉತ್ತಮ ಪ್ರಶ್ನಾವಳಿಗಳು ಹೆಸರನ್ನು ಬಿಟ್ಟು ಘಟನೆಯನ್ನು ಕೇಳುತ್ತವೆ. ನಿಂತವರು ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದುಕೊಂಡದ್ದುಂಟೇ, ಬಾಯಲ್ಲಿ ನೊರೆ ಬಂದದ್ದುಂಟೇ, ನಾಲಗೆ ಕಚ್ಚಿಕೊಂಡದ್ದುಂಟೇ, ಬಟ್ಟೆಯಲ್ಲೇ ಮೂತ್ರವಾದದ್ದುಂಟೇ, ಆಮೇಲೆ ಏನಾಯಿತೆಂಬುದು ಅವರಿಗೆ ನೆನಪಿರಲಿಲ್ಲವೇ ಎಂದು ವಿಚಾರಿಸುತ್ತವೆ. ಸೆಳೆತ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ ರೂಢಿ ದಕ್ಷಿಣ ಭಾರತದ ಹಲವೆಡೆ ಇದೆ. ಚಿಕಿತ್ಸೆಯಾಗಿ ಅದರಿಂದ ಪ್ರಯೋಜನವಿಲ್ಲ. ಪ್ರಶ್ನೆಯಾಗಿ ಅದು ಉಪಯುಕ್ತವಾಗಬಲ್ಲದು. ಹೆಸರನ್ನು ಹೇಳಲು ಹಿಂಜರಿಯುವ ಮನೆಯೂ ಕಬ್ಬಿಣ ಹಿಡಿಸಿದ ಘಟನೆಯನ್ನು ನೆನೆದು ಹೇಳುವ ಸಂಭವವಿದೆ.

5. ಮರೆಮಾಚುವ ಕಾರಣಗಳು

ಪ್ರಶ್ನೆ ಅರ್ಥವಾದರೂ ಉತ್ತರ ಬಾರದಿರುವುದಕ್ಕೆ ಬೇರೆ ಕಾರಣಗಳಿವೆ. ಮಧ್ಯ ಕೇರಳದಲ್ಲಿ 2,38,102 ಜನರ ನಡುವೆ ನಡೆದು 2000ದಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸಾವಿರಕ್ಕೆ 4.9 ಪ್ರಕರಣಗಳು ಕಂಡುಬಂದವು. ಜನರ ತಿಳಿವಳಿಕೆಯನ್ನು ವಿಚಾರಿಸಿದಾಗ ಬಹುತೇಕ ಎಲ್ಲರೂ ರೋಗದ ಬಗ್ಗೆ ಕೇಳಿದ್ದರು, ಆದರೂ ಶೇ. 31ರಷ್ಟು ಮಂದಿ ಅದನ್ನು ಆನುವಂಶಿಕವೆಂದೂ ಶೇ. 27ರಷ್ಟು ಮಂದಿ ಒಂದು ಬಗೆಯ ಹುಚ್ಚೆಂದೂ ತಿಳಿದಿದ್ದರು. ಸಾಕ್ಷರತೆಯಲ್ಲಿ ಮುಂದಿರುವ ರಾಜ್ಯದ ಸ್ಥಿತಿ ಇದು. ಕಾನೂನೂ ಬಹುಕಾಲ ಈ ಭಾವನೆಗೆ ಮುದ್ರೆ ಒತ್ತಿತ್ತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯ 5ನೆಯ ಪ್ರಕರಣದಲ್ಲಿ ಮರುಕಳಿಸುವ ಹುಚ್ಚಿನ ಜೊತೆಗೆ ಮೂರ್ಛೆರೋಗವೂ ವಿವಾಹಕ್ಕೆ ಅಡ್ಡಿಯಾಗಿ ಸೇರಿತು. ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯ್ದೆಯಿಂದ ಪದ ಹೋದಷ್ಟು ಬೇಗ ಅದು ಮನೆಗಳಿಂದ ಹೋಗಲಾರದು.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಈ ಮರೆಮಾಚುವಿಕೆ ಹೆಚ್ಚೆಂದು ಊಹಿಸಲು ಆಧಾರವಿದೆ. ಸಮೀಕ್ಷೆಯವರಿಗೆ ಉತ್ತರಿಸುವವರು ಸಾಮಾನ್ಯವಾಗಿ ಮನೆಯ ಹಿರಿಯರು. ಸೊಸೆಯ ಬಾಲ್ಯದ ಸೆಳೆತಗಳು ತವರಿಗೆ ತಿಳಿದಿರುತ್ತವೆ, ಅತ್ತೆಮನೆಗೆ ತಿಳಿದಿರಲಾರವು. ಗಡಿನಾಡಿನಲ್ಲಿ ತವರು ಒಂದು ರಾಜ್ಯದಲ್ಲಿ, ಗಂಡನ ಮನೆ ಇನ್ನೊಂದರಲ್ಲಿ ಇರುವುದು ಸಾಮಾನ್ಯ. ಮನೆಯೊಳಗೆ ಎಲ್ಲರ ಮಾತು ಕನ್ನಡವೇ ಇರುವಾಗ ಹೊರಗಿನಿಂದ ಬಂದವರು ರಾಜ್ಯಭಾಷೆಯಲ್ಲಿ ಕೇಳಿದರೆ ಉತ್ತರಿಸುವ ಅಧಿಕಾರ ಆ ಭಾಷೆ ಬಲ್ಲವರಿಗೆ, ಅಂದರೆ ಹೊರಗೆ ದುಡಿಯುವ ಗಂಡಸರಿಗೆ ಸಹಜವಾಗಿ ಸಲ್ಲುತ್ತದೆ. ರೋಗಿಯ ಸೆಳೆತವನ್ನು ಹತ್ತಿರದಿಂದ ಕಂಡಿರುವ ಹೆಂಗಸರು ಆಗ ಒಳಮನೆಯಲ್ಲೇ ಉಳಿಯುತ್ತಾರೆ.

6. ಹಳ್ಳಿಯ ಕಾರಣಗಳು

ಎಣಿಕೆಯ ಸಮಸ್ಯೆಗಳನ್ನು ಹೇಳಿದ ಮಾತ್ರಕ್ಕೆ ಗ್ರಾಮೀಣ ಹೊರೆ ಕೇವಲ ಎಣಿಕೆಯ ಭ್ರಮೆಯೆಂದು ಭಾವಿಸಬಾರದು. ಹೆರಿಗೆಯ ವೇಳೆ ಮಗುವಿನ ಮಿದುಳಿಗಾಗುವ ಪೆಟ್ಟು, ಮಿದುಳಿನ ಸೋಂಕುಗಳು, ತಲೆಗಾಗುವ ಗಾಯ ಇವು ತಡೆಯಬಹುದಾದ ಕಾರಣಗಳು. ತಡೆಯುವ ಸೌಕರ್ಯ ಹಳ್ಳಿಗೆ ತಡವಾಗಿ ತಲುಪುತ್ತದೆ. ವೆಲ್ಲೂರು ಸೀಮೆಯಲ್ಲಿ 50,617 ಜನರ ನಡುವೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ರಿಯ ಮೂರ್ಛೆರೋಗದ ಸುಮಾರು ಮೂರನೆಯ ಒಂದು ಪಾಲಿಗೆ ಹಂದಿಯ ಲಾಡಿಹುಳುವಿನ ಮರಿಕೋಶಗಳು ಮಿದುಳಿನಲ್ಲಿ ನೆಲೆಸಿದ್ದೇ ಕಾರಣವೆಂದು ಕಂಡುಬಂತು. ಇದು ಹಂದಿಮಾಂಸ ತಿನ್ನುವವರ ರೋಗವೆಂಬುದು ತಪ್ಪು ತಿಳಿವಳಿಕೆ. ಹುಳುವಿನ ಮೊಟ್ಟೆಗಳು ಮನುಷ್ಯರ ಮಲದಿಂದ ನೀರಿಗೂ ಸೊಪ್ಪು ತರಕಾರಿಗೂ ಸೇರಿ ಯಾರ ಹೊಟ್ಟೆಯನ್ನಾದರೂ ಹೊಗಬಹುದು. ಸಸ್ಯಾಹಾರಿಗಳೂ ಇದರಿಂದ ಹೊರತಲ್ಲ.

ಕನ್ನಡನಾಡಿನ ಅಧ್ಯಯನಗಳಿಂದಲೇ ಹೆಚ್ಚು ಬೆಳಕಿಗೆ ಬಂದ ಇನ್ನೊಂದು ಬಗೆಯಿದೆ: ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಸೆಳೆತ. ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದರೂ, ಜಪಾನ್, ಟರ್ಕಿಗಳಲ್ಲಿ ಪ್ರಕರಣಗಳು ಕಂಡರೂ, ದೊಡ್ಡ ಸಂಖ್ಯೆಯಲ್ಲಿ ದಾಖಲಾದುದು ದಕ್ಷಿಣ ಭಾರತದಲ್ಲಿ. ನಿಮ್ಹಾನ್ಸ್‌ನ ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಪ್ರಕರಣಗಳನ್ನು ವಿವರಿಸಿದರು. ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಬಿಡದೆ ಹುಯ್ಯುವ ಪದ್ಧತಿಗೂ ಇದಕ್ಕೂ ಸಂಬಂಧವಿದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ನೀರಿನ ಬಿಸಿ ತಗ್ಗಿಸುವುದರಿಂದಲೂ, ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಮುನ್ನ ಮಾತ್ರೆ ತೆಗೆದುಕೊಳ್ಳುವುದರಿಂದಲೂ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಇದನ್ನು ಪತ್ತೆಹಚ್ಚುವ ಪ್ರಶ್ನೆಯೂ ಆಡುಮಾತಿಗೆ ಬದ್ಧ. ತಾಳವಾಡಿಯ ಕಡೆ ‘ತಲೆಗೆ ನೀರು ಹಾಕಿಕೊಳ್ಳುವಾಗ’, ಕಾಸರಗೋಡಿನಲ್ಲಿ ‘ಮೀಯುವಾಗ’, ಜತ್ತ–ಅಕ್ಕಲಕೋಟೆಗಳಲ್ಲಿ ‘ಜಳಕ ಮಾಡುವಾಗ’, ಹೆಂಗಸರನ್ನಾದರೆ ‘ಎರಕೊಳ್ಳುವಾಗ’ ಎಂದು ಕೇಳಬೇಕಾಗುತ್ತದೆ. ‘ಬಿಸಿನೀರಿನ ಸ್ನಾನದ ಸಂದರ್ಭದಲ್ಲಿ’ ಎಂಬ ಕಚೇರಿಯ ಕನ್ನಡಕ್ಕೆ ಬಚ್ಚಲಮನೆಯ ನೆನಪುಗಳು ಏಳುವುದಿಲ್ಲ.

7. ಗಡಿಯಲ್ಲಿ ಎಣಿಕೆ

ಮನೆಮನೆ ಸಮೀಕ್ಷೆಗೆ ಬದಲಾಗಿ ಆಸ್ಪತ್ರೆಯ ದಾಖಲೆಗಳಿಂದ ಲೆಕ್ಕ ಹಾಕಬಹುದೇ ಎಂಬ ಪ್ರಶ್ನೆ ಸಹಜ. ಗಡಿನಾಡಿನಲ್ಲಿ ಆ ದಾರಿ ಇನ್ನಷ್ಟು ಕಠಿಣ. ಕಾಸರಗೋಡಿನ ರೋಗಿ ಮಂಗಳೂರಿಗೆ, ತಾಳವಾಡಿಯ ರೋಗಿ ಚಾಮರಾಜನಗರ, ಮೈಸೂರುಗಳಿಗೆ, ಹೊಸೂರು ಮಡಕಶಿರಗಳ ರೋಗಿ ಬೆಂಗಳೂರಿಗೆ ಹೋಗುತ್ತಾರೆ. ವಿಜಯಪುರ, ಕಲಬುರಗಿ ಗಡಿಯ ರೋಗಿಗಳು ಸೊಲ್ಲಾಪುರಕ್ಕೆ ಹೋಗುತ್ತಾರೆ. ರೋಗಿಯ ಚೀಟಿ ಒಂದು ರಾಜ್ಯದಲ್ಲಿ, ಜನಸಂಖ್ಯೆಯ ಲೆಕ್ಕ ಇನ್ನೊಂದು ರಾಜ್ಯದಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ಜನ ಮಂಗಳೂರಿನ ಆಸ್ಪತ್ರೆಗಳನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದ್ದಾರೆಂಬುದು ನ್ಯಾಯಾಲಯದವರೆಗೆ ಹೋದ ವಿವಾದದಿಂದ ಎಲ್ಲರಿಗೂ ತಿಳಿಯಿತು. ಮೂರ್ಛೆರೋಗದ ಮಾತ್ರೆ ದಿನನಿತ್ಯದ್ದು. ಹಠಾತ್ತಾಗಿ ನಿಂತರೆ ಸೆಳೆತ ಮರಳುವುದಷ್ಟೇ ಅಲ್ಲ, ಬಿಡದೆ ಮುಂದುವರಿದು ಪ್ರಾಣಕ್ಕೆ ಕುತ್ತು ತರಬಹುದು. ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿಗೆ ಆ ಮಾತ್ರೆ ಬೇಕೆಂಬ ಲೆಕ್ಕ ಆ ತಾಲ್ಲೂಕಿನಲ್ಲಿಯೇ ಇರಬೇಕಾದ ಕಾರಣ ಇದು.

ಗಡಿಯ ಒಂದು ತಾಲ್ಲೂಕಿನಲ್ಲಿ ವಿಶ್ವಾಸಾರ್ಹ ಎಣಿಕೆ ನಡೆಯಬೇಕಾದರೆ ಕೆಲವು ಸರಳ ಏರ್ಪಾಡುಗಳು ಸಾಕು. ಪ್ರಶ್ನಾವಳಿಯನ್ನು ರಾಜ್ಯಭಾಷೆಯಿಂದ ಅಲ್ಲಿಯ ಕನ್ನಡಕ್ಕೆ ತಂದು, ಮೂಲವನ್ನು ಕಾಣದ ಇನ್ನೊಬ್ಬರಿಂದ ಮರಳಿ ಅನುವಾದಿಸಿ ಹೋಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ರೋಗವಿದೆಯೆಂದು ಈಗಾಗಲೇ ತಿಳಿದಿರುವ ಕೆಲವು ಮನೆಗಳಲ್ಲಿ ಅವರ ಒಪ್ಪಿಗೆ ಪಡೆದು ಪ್ರಶ್ನೆಯನ್ನು ಮೊದಲು ಪರೀಕ್ಷಿಸಬೇಕು. ಎಷ್ಟು ಮಂದಿಯನ್ನು ಅದು ಹಿಡಿಯುತ್ತದೆಂಬುದು ಅಲ್ಲಿಯೇ ತಿಳಿಯುತ್ತದೆ. ಹೆಂಗಸರನ್ನು ಹೆಂಗಸರೇ ಪ್ರತ್ಯೇಕವಾಗಿ ಕೇಳಬೇಕು. ಮನೆಮಾತು ಯಾವುದೆಂಬುದಕ್ಕೂ ಕೇಳಿದ ಭಾಷೆ ಯಾವುದೆಂಬುದಕ್ಕೂ ನಮೂನೆಯಲ್ಲಿ ಎರಡು ಅಂಕಣಗಳಿರಬೇಕು. ಒಂದೇ ಊರಿನಲ್ಲಿ ಎರಡು ಭಾಷೆಗಳಲ್ಲಿ ಕೇಳಿದಾಗ ಎರಡು ಪ್ರಮಾಣಗಳು ಬಂದರೆ ಆ ವ್ಯತ್ಯಾಸದ ಎಷ್ಟು ಭಾಗ ರೋಗದ್ದು, ಎಷ್ಟು ಭಾಗ ಪ್ರಶ್ನೆಯದು ಎಂಬುದನ್ನು ಈ ಅಂಕಣಗಳಿಲ್ಲದೆ ವಿಚಾರಿಸಲೂ ಆಗದು.

ಈ ಶ್ರಮಕ್ಕೆ ಫಲವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಶೇ. 70ರವರೆಗಿನ ರೋಗಿಗಳು ಸೆಳೆತವಿಲ್ಲದೆ ಬದುಕಬಲ್ಲರು. ಫೀನೋಬಾರ್ಬಿಟೋನ್, ಫೆನಿಟಾಯಿನ್‌ಗಳಂಥ ಹಳೆಯ, ಅಗ್ಗದ ಮಾತ್ರೆಗಳಿಂದ ಹಳ್ಳಿಯಲ್ಲಿಯೇ ಚಿಕಿತ್ಸೆ ನಡೆಸಿದ ಅನುಭವವನ್ನು ಯಳಂದೂರಿನ ತಂಡ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಔಷಧವಿದೆ, ಅದನ್ನು ಕೊಡುವ ಕ್ರಮವೂ ತಿಳಿದಿದೆ. ಅದು ತಲುಪಬೇಕಾದ ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆ ಆ ಮನೆಯ ಮಾತಿನಲ್ಲಿರಬೇಕು.